ಮೇ ತಿಂಗಳಲ್ಲೂ ಬತ್ತದ ವೃಷಭಾವತಿ

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಎಳೆದು ಮುಚ್ಚಿದವರೆಲ್ಲ ವೃಷಭಾವತಿಯನ್ನು ಬಲ್ಲವರೇ. ಹೆಸರು ಗೊತ್ತಿಲ್ಲದಿರಬಹುದು, ಅಷ್ಟೆ. ನಾಯಂಡಹಳ್ಳಿ ಹತ್ತಿರವಾಗುತ್ತಿದ್ದಂತೆ ಕರವಸ್ತ್ರ ಮೂಗಿಗೆ ಹೋಗುತ್ತದೆ, ತೂಕಡಿಸುತ್ತಿದ್ದವರು ಕಣ್ಣು ಬಿಡದೆಯೇ ‘ಕೆಂಗೇರಿ ಬಂತು’ ಎನ್ನುತ್ತಾರೆ, ಊರು ದಾಟಿದ ಮೇಲೆ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಹೀಗೆ ಮೂಗಿಗೆ ಬಡಿದು ತನ್ನ ಇರವನ್ನು ಸಾರುವ ನದಿಯನ್ನು ‘ಅಡಗಿದ ನದಿ’ಗಳ ಪಟ್ಟಿಗೆ ಸೇರಿಸುವುದು ನನಗೇಕೋ ಒಗ್ಗುವುದಿಲ್ಲ.

ನಗರಗಳ ಕೆಳಗೆ ಹೂತುಹೋದ ನದಿಗಳ ಬಗ್ಗೆ ಓದುವ ಚಟ ನನಗೂ ಇದೆ. ಇಂಥ ಪುಸ್ತಕವೊಂದು ಬಂದಾಗಲೆಲ್ಲ ಓದಿದವರು ಹಳೆಯ ನಕ್ಷೆ ಹಿಡಿದು ತಮ್ಮ ಊರಿನ ಹಳ್ಳವನ್ನು ಹುಡುಕಲು ಹೊರಡುತ್ತಾರೆ, ಒಳ್ಳೆಯದೇ. ಆದರೆ ಈ ಬಗೆಯ ಬರಹಕ್ಕೆ ಅಚ್ಚು ಬಿದ್ದಿರುವುದು ಲಂಡನ್ನಿನಲ್ಲಿ. ಅಲ್ಲಿನ ಫ್ಲೀಟ್ ನದಿಯ ಕಥೆ ಹೇಳಿಮಾಡಿಸಿದಂತಿದೆ. ಹ್ಯಾಂಪ್‌ಸ್ಟೆಡ್ ಹೀತ್ ಎಂಬ ಎತ್ತರದ ಬಯಲಿನಲ್ಲಿ ಹುಟ್ಟಿ, ಕಿಂಗ್ಸ್ ಕ್ರಾಸ್, ಫ್ಯಾರಿಂಗ್ಡನ್ ಕಡೆಯಿಂದ ಇಳಿದು ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಬಳಿ ಥೇಮ್ಸ್ ಸೇರುವ ನದಿ ಅದು. 1666ರ ಮಹಾ ಬೆಂಕಿಯ ನಂತರ ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್ ಅದರ ಕೆಳಭಾಗವನ್ನು ದೋಣಿ ಓಡಾಡುವ ಕಾಲುವೆಯಾಗಿ ಕಟ್ಟಿಸಿದ. ಕಾಲುವೆ ಏಳಿಗೆ ಕಾಣಲಿಲ್ಲ, ಕಸ ತುಂಬಿತು. 1737ರಲ್ಲಿ ಒಂದು ಭಾಗದ ಮೇಲೆ ಕಮಾನು ಕಟ್ಟಿ ಸಂತೆ ಕೂರಿಸಿದರು, 1766ರ ಹೊತ್ತಿಗೆ ಥೇಮ್ಸ್‌ವರೆಗೂ ಮುಚ್ಚಿದರು. 1858ರ ಬೇಸಿಗೆಯಲ್ಲಿ ಥೇಮ್ಸ್‌ನ ನಾತಕ್ಕೆ ಸಂಸತ್ತೇ ಕಂಗೆಟ್ಟಿತು. ಅದಾದ ಮೇಲೆ ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್ ಕಟ್ಟಿದ ಒಳಚರಂಡಿ ಜಾಲದಲ್ಲಿ ಫ್ಲೀಟ್ ಕೂಡ ಒಂದು ಕೊಳವೆಯಾಗಿ ಸೇರಿಹೋಯಿತು. ಇವತ್ತಿಗೂ ಕ್ಲರ್ಕನ್‌ವೆಲ್‌ನ ರೇ ಸ್ಟ್ರೀಟ್‌ನಲ್ಲಿ ಒಂದು ಪಬ್ಬಿನ ಎದುರು ರಸ್ತೆಯ ಕಬ್ಬಿಣದ ಜಾಲರಿಗೆ ಕಿವಿಗೊಟ್ಟರೆ ಕೆಳಗೆ ನೀರು ಹರಿಯುವ ಸದ್ದು ಕೇಳುತ್ತದೆ. ಅಲ್ಲಿರುವ ನನ್ನ ಗೆಳೆಯನೊಬ್ಬ ಆ ಸದ್ದನ್ನು ಮೊಬೈಲ್‌ನಲ್ಲಿ ಹಿಡಿದು ಕಳಿಸಿದ್ದ. ಪಕ್ಕದಲ್ಲಿ ಯಾರೋ ನಗುವುದು ಅದರಲ್ಲಿ ಇನ್ನೂ ಚೆನ್ನಾಗಿ ಕೇಳುತ್ತದೆ.

ಹುಟ್ಟು, ಹೊಲಸು, ಹೂಳುವಿಕೆ, ಕಡೆಗೆ ಕಿವಿಗೊಟ್ಟವರಿಗೆ ಮಾತ್ರ ಕೇಳುವ ಸದ್ದು: ಇದು ಸತ್ತವರನ್ನು ನೆನೆಯುವ ಧಾಟಿ. ಬೆಂಗಳೂರಿನವರೂ ಇದೇ ಧಾಟಿಯಲ್ಲಿ ವೃಷಭಾವತಿಯ ಬಗ್ಗೆ ಬರೆಯುತ್ತಾರೆ, ಮಾತಾಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ನಮ್ಮ ನದಿ ಸತ್ತಿಲ್ಲ, ಸೊರಗಿಯೂ ಇಲ್ಲ. ಬೇಸಿಗೆಯ ನೀರಿನ ಲೆಕ್ಕ ಹಿಡಿದರೆ ಅದು ತನ್ನ ಆಯುಷ್ಯದಲ್ಲೇ ಇಷ್ಟು ದಪ್ಪಗೆ ಹರಿದಿದ್ದಿಲ್ಲ.

ಮೊದಲು ಹುಟ್ಟಿನ ವಿಚಾರ ಮುಗಿಸಿಬಿಡುತ್ತೇನೆ, ಏಕೆಂದರೆ ಎಲ್ಲರೂ ಅಲ್ಲೇ ಸಿಕ್ಕಿಬೀಳುತ್ತಾರೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ವೃಷಭಾವತಿ ಹುಟ್ಟುತ್ತಾಳೆ ಎಂಬುದು ಒಂದು ನಂಬಿಕೆ. ನದಿಗೆ ಹೆಸರು ಬಂದಿರುವುದೂ ಆ ವೃಷಭನಿಂದಲೇ. ಕಡಲೆಕಾಯಿ ಪರಿಷೆಯ ದಿನ ಕಾಲಿಡಲು ಜಾಗವಿಲ್ಲದಂತೆ ಜನ ಸೇರುವ ಆ ರಸ್ತೆಯಲ್ಲಿ ನಿಂತು ನದಿ ಎಲ್ಲಿ ಎಂದು ಕೇಳಿದರೆ ಸಿಪ್ಪೆಯ ರಾಶಿಯನ್ನು ತೋರಿಸಿಯಾರು. ಮಲ್ಲೇಶ್ವರದವರು ಇದನ್ನು ಒಪ್ಪುವುದಿಲ್ಲ. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿನ ನಂದಿತೀರ್ಥದಲ್ಲಿ ಕಲ್ಲಿನ ನಂದಿಯ ಬಾಯಿಂದ ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಇಳಿಯುವ ನೀರೇ ಮೂಲ ಎನ್ನುತ್ತಾರೆ. ಎರಡೂ ಕಡೆ ಬಸವನಿದ್ದಾನೆ, ಎರಡೂ ಕಡೆ ಭಕ್ತರಿದ್ದಾರೆ, ಹಾಗಾಗಿ ಈ ವ್ಯಾಜ್ಯ ಬಗೆಹರಿಯುವಂಥದ್ದಲ್ಲ.

ಬಗೆಹರಿಯಬೇಕಾಗಿಯೂ ಇಲ್ಲ. ಬೆಂಗಳೂರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆಯ ಸಾಲು ಹಾದುಹೋಗಿದೆ. ಮೇಲೆ ಇಷ್ಟೊಂದು ಕಟ್ಟಡಗಳೆದ್ದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಸೈಕಲ್ ತುಳಿಯುವವರ ಮೊಣಕಾಲಿಗೆ ಮಾತ್ರ ಗೊತ್ತಾಗುತ್ತದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ; ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ. ಊರು ಇಂಥ ದಿಣ್ಣೆಯ ನೆತ್ತಿಯ ಮೇಲೆ ಕುಳಿತಿರುವಾಗ ಹೊಳೆಗೆ ಒಂದೇ ಮೂಲ ಇರಲು ಸಾಧ್ಯವಿಲ್ಲ. ಇಳಿಜಾರಿನಲ್ಲಿ ನೂರಾರು ಕಡೆ ಜಿನುಗಿದ್ದು, ಕೆಂಪಾಂಬುಧಿಯಂಥ ಕೆರೆಗಳು ಕೋಡಿ ಬಿದ್ದಾಗ ಹರಿದದ್ದು, ಮಲ್ಲತ್ತಹಳ್ಳಿ, ನಾಗರಬಾವಿ ಕಡೆಯ ತೊರೆಗಳು, ಎಲ್ಲ ಸೇರಿ ಮೈಸೂರು ರಸ್ತೆಯ ತಗ್ಗಿನಲ್ಲಿ ಒಂದು ಹೊಳೆಯಾಯಿತು. ಆ ಹೊಳೆಯ ದಂಡೆಯಲ್ಲೇ ಗಾಳಿ ಆಂಜನೇಯ ಇದ್ದಾನೆ. ಜೋರು ಮಳೆ ಬಂದರೆ ಇಂದಿಗೂ ಅವನ ಗುಡಿಯೊಳಗೆ ನೀರು ನುಗ್ಗುತ್ತದೆ, ಮರುದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ.

ಈ ದಿಣ್ಣೆಯನ್ನು ಸುಪ್ರೀಂ ಕೋರ್ಟಿನಲ್ಲೂ ಅಳೆದಿದ್ದಾರೆ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂಬ ಲೆಕ್ಕ ಹಿಡಿದು ಕಾವೇರಿ ನ್ಯಾಯಮಂಡಳಿ 2007ರಲ್ಲಿ ನಗರದ ಕುಡಿಯುವ ನೀರಿನ ಪಾಲು ನಿಗದಿ ಮಾಡಿತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿದ್ದಿ, ಇಡೀ ನಗರದ ಬಾಯಾರಿಕೆಯನ್ನು ಗಮನಕ್ಕೆ ತೆಗೆದುಕೊಂಡು 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಸೋನೆ ಮಳೆಯ ಹನಿಯೊಂದು ಸೂರಿನ ಯಾವ ಇಳಿಜಾರಿಗೆ ಬಿತ್ತು ಎಂಬುದು ಎರಡು ರಾಜ್ಯಗಳ ವಕೀಲರಿಗೆ ವರ್ಷಗಟ್ಟಲೆ ಕೆಲಸ ಕೊಟ್ಟಿತು. ನಮಗೆ, ಆ ಸೂರಿನ ಕೆಳಗೇ ಇರುವವರಿಗೆ, ನಮ್ಮ ಮನೆ ಯಾವ ಮಗ್ಗುಲಿನಲ್ಲಿದೆ ಎಂದು ಗೊತ್ತಿಲ್ಲ.

ಈಗ ನೀರಿನ ವಿಚಾರ. ಹಳೆಯ ವೃಷಭಾವತಿ ಮಳೆಗಾಲದಲ್ಲಿ ಮೈದುಂಬಿ ಬೇಸಿಗೆಯಲ್ಲಿ ಬಡವಾಗುತ್ತಿದ್ದ ಹೊಳೆ. ಕೆಂಗೇರಿಯ ಹಿರಿಯರೊಬ್ಬರು ಹೇಳಿದ್ದು ನೆನಪಿದೆ: ‘ಏಪ್ರಿಲ್ ಬಂದರೆ ಹರಿವು ನಿಂತುಬಿಡುತ್ತಿತ್ತು. ನಾವು ಹುಡುಗರು ಮರಳಿನಲ್ಲಿ ಮೊಣಕೈ ಆಳಕ್ಕೆ ಒರತೆ ತೋಡಿ, ತಿಳಿಯಾಗುವ ತನಕ ಕಾದು, ಬೊಗಸೆಯಲ್ಲಿ ಕುಡಿಯುತ್ತಿದ್ದೆವು.’ ಈಗ ಏಪ್ರಿಲ್‌ನಲ್ಲಿ, ಮೇನಲ್ಲಿ, ಮಳೆಯಿಲ್ಲದ ವರ್ಷದಲ್ಲಿ, ಯಾವಾಗ ಬೇಕಾದರೂ ಮೈಸೂರು ರಸ್ತೆಯ ಸೇತುವೆಗಳ ಮೇಲೆ ನಿಂತು ನೋಡಿ. ಬೂದು ಬಣ್ಣದ ನೀರು ರಭಸವಾಗಿ ಹರಿಯುತ್ತಿರುತ್ತದೆ. 2024ರ ಬೇಸಿಗೆಯಲ್ಲಿ ಬಡಾವಣೆಗಳಲ್ಲಿ ಕೊಳವೆಬಾವಿ ಒಣಗಿ, ಟ್ಯಾಂಕರಿಗಾಗಿ ಜನ ಜಗಳವಾಡುತ್ತಿದ್ದಾಗಲೂ ಹರಿಯುತ್ತಿತ್ತು.

ಆ ನೀರು ಎಲ್ಲಿಂದ ಬಂತು ಎಂದರೆ ಶಿವನಸಮುದ್ರದ ಹತ್ತಿರದಿಂದ. ಬೆಂಗಳೂರು ತನ್ನ ಕೆರೆಗಳ ನೀರು ಕುಡಿಯುವುದನ್ನು ಬಿಟ್ಟದ್ದು 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ಎಳೆದಾಗ. ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು. ಎರಡೂ ಅರ್ಕಾವತಿಯ ನೀರೇ. 1974ರಲ್ಲಿ ಕಾವೇರಿ ಬಂದಳು. ಶಿವನಸಮುದ್ರದ ಬಳಿ ತಿರುಗಿಸಿದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಹೀಗೆ ಮೂರು ಮಜಲಿನಲ್ಲಿ ಪಂಪುಗಳ ಬಲದಿಂದ ಸುಮಾರು 100 ಕಿಲೋಮೀಟರ್ ಬಂದು, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ನಮ್ಮ ನಲ್ಲಿಗಳಿಗೆ ತಲುಪುತ್ತದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗುವ ಮೊದಲು ದಿನಕ್ಕೆ ಸುಮಾರು 145 ಕೋಟಿ ಲೀಟರ್ ಬರುತ್ತಿತ್ತು. ಐದನೇ ಹಂತದ ಸಾಮರ್ಥ್ಯ ಇನ್ನೂ 77.5 ಕೋಟಿ ಲೀಟರ್. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುವ ಪ್ರಮಾಣ. ಪಾತ್ರೆ ತೊಳೆದದ್ದು, ಸ್ನಾನ ಮಾಡಿದ್ದು, ಬಟ್ಟೆ ಒಗೆದದ್ದು, ಶೌಚಕ್ಕೆ ಸುರಿದದ್ದು ಎಲ್ಲಾದರೂ ಇಳಿಯಲೇಬೇಕಲ್ಲ. ದಿಣ್ಣೆಯ ಪಶ್ಚಿಮದವರದು ವೃಷಭಾವತಿಗೆ ಇಳಿಯುತ್ತದೆ.

ಅಲ್ಲಿಂದ ಮುಂದೆ? ಕೆಂಗೇರಿ, ಬಿಡದಿ ಸಮೀಪದ ಬೈರಮಂಗಲ ಜಲಾಶಯ, ಕನಕಪುರದ ಕಡೆ ಅರ್ಕಾವತಿ, ಕಡೆಗೆ ಸಂಗಮದಲ್ಲಿ ಕಾವೇರಿ. ಸಂಗಮ ಇರುವುದು ಶಿವನಸಮುದ್ರದಿಂದ ಕೆಳಗೆ. ಅಂದರೆ ಕಾವೇರಿಯನ್ನು ಒಂದು ಕಡೆ ಎತ್ತಿ, ವಿದ್ಯುತ್ ಸುರಿದು ಬೆಟ್ಟದೆತ್ತರಕ್ಕೆ ತಂದು, ನಮ್ಮ ಬಚ್ಚಲುಗಳಲ್ಲಿ ಹಾಯಿಸಿ, ಅದೇ ಕಾವೇರಿಗೆ ಕೆಳಗಡೆ ಒಪ್ಪಿಸುತ್ತಿದ್ದೇವೆ. ಕನಕಪುರ ಸೀಮೆಯಲ್ಲಿ ಮೇಲಕ್ಕೆ ಹೋಗುವ ಕಾವೇರಿಯ ದಪ್ಪ ಕೊಳವೆಗಳೂ ಇವೆ, ಕೆಳಕ್ಕೆ ಬರುವ ಅದೇ ನೀರಿನ ಹೊಳೆಯೂ ಇದೆ. ಕೊಳವೆಗೆ ಕಾವಲಿದೆ. ವೃಷಭಾವತಿಯ ಮೂಲ ಎಲ್ಲಿ ಎಂದು ನನ್ನನ್ನು ಯಾರಾದರೂ ಕೇಳಿದರೆ ಬಸವನ ಪಾದವನ್ನೂ ನಂದಿಯ ಬಾಯನ್ನೂ ಬಿಟ್ಟು ನನ್ನ ಮನೆಯ ಬಚ್ಚಲಿನ ಜಾಲರಿಯನ್ನು ತೋರಿಸುತ್ತೇನೆ. ಕುಚೋದ್ಯವಲ್ಲ, ಭೂಗೋಳ.

ಕೊಳಚೆಗೆ ಬೇರೆ ಕೊಳವೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಅದು ಎಲ್ಲಿದೆ ಎಂಬುದನ್ನು ನೋಡಲು ಪಶ್ಚಿಮ ಬೆಂಗಳೂರಿನ ಯಾವುದಾದರೂ ರಾಜಕಾಲುವೆಯ ಪಕ್ಕದಲ್ಲಿ ಸ್ವಲ್ಪ ದೂರ ನಡೆಯಬೇಕು. ನಾನಿರುವುದು ನಾಗರಬಾವಿ ಕಡೆ. ಸಂಜೆ ನಡೆದಾಡುವುದು ಕಾಲುವೆಯ ತಂತಿಬೇಲಿಯ ಗುಂಟ. ಎರಡೂ ಬದಿಗೆ ಎತ್ತರದ ಕಾಂಕ್ರೀಟ್ ಗೋಡೆ. ತಳದಲ್ಲಿ, ಹರಿವಿನ ನಟ್ಟನಡುವೆ, ಆಳೆತ್ತರದ ಕಾಂಕ್ರೀಟ್ ಉರುಳೆಗಳು ಅಲ್ಲಲ್ಲಿ ನಿಂತಿವೆ. ಮೊದಮೊದಲು ಅವು ಯಾವುದೋ ಮುರಿದ ಸೇತುವೆಯ ಕಂಬಗಳೆಂದುಕೊಳ್ಳುವವರಿದ್ದಾರೆ. ಅವು ಮ್ಯಾನ್‌ಹೋಲ್‌ಗಳು. ಒಳಚರಂಡಿಯ ನೀರೂ ಇಳಿಜಾರನ್ನೇ ಹುಡುಕುವುದರಿಂದ ಕೊಳವೆಯನ್ನು ಹೊಳೆಯ ಪಾತ್ರದೊಳಗೇ ಹೂತಿದ್ದಾರೆ. ಮಳೆನೀರು ಒಳಹೋಗದಿರಲಿ ಎಂದು ಮುಚ್ಚಳವನ್ನು ಎತ್ತರಕ್ಕೇರಿಸಿದ್ದಾರೆ. ಯೋಚನೆಯಲ್ಲಿ ತಪ್ಪಿಲ್ಲ. ಆದರೆ ಮಳೆಗಾಲದಲ್ಲಿ ಕೊಚ್ಚಿಬಂದ ಕಲ್ಲು, ಮಂಚದ ಕಾಲು, ಮರದ ಬೊಡ್ಡೆ ಈ ಉರುಳೆಗಳಿಗೆ ಬಡಿಯುತ್ತದೆ. ಒಂದರ ಹೊಟ್ಟೆ ಒಡೆದು ಇಟ್ಟಿಗೆ ಕಾಣುತ್ತಿದೆ. ಅಲ್ಲಿಂದ ಮುಂಗೈ ದಪ್ಪದ ಕಪ್ಪು ಧಾರೆ ಹಗಲೂ ರಾತ್ರಿ ಕಾಲುವೆಗೆ ಬೀಳುತ್ತದೆ. ಅದರ ನೆತ್ತಿಯ ಮೇಲೆ ಬೆಳೆದ ಅರಳಿ ಗಿಡ ಈಗ ನನ್ನ ಎದೆಯೆತ್ತರಕ್ಕೆ ಬಂದಿದೆ. ಎದುರು ಗೋಡೆಯಲ್ಲಿ ಸಾಲಾಗಿ ಪ್ಲಾಸ್ಟಿಕ್ ಕೊಳವೆಗಳ ಬಾಯಿ ಕಾಣುತ್ತದೆ. ಅಧಿಕೃತ ಸಂಪರ್ಕಕ್ಕೆ ಹಣ ಕಟ್ಟುವುದಕ್ಕಿಂತ ಗೋಡೆಗೆ ತೂತು ಕೊರೆಯುವುದು ಅಗ್ಗ ಎಂದುಕೊಂಡ ಮನೆಗಳವು. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಅವು ಒಂದಾದ ಮೇಲೊಂದು ಜೀವ ತಳೆಯುತ್ತವೆ, ಶಾಂಪೂವಿನ ನೊರೆ ಮೊದಲು, ಸಾರಿನ ಪಾತ್ರೆಯ ಅರಿಸಿನ ಆಮೇಲೆ. ಪೀಣ್ಯದ ಕಡೆಯಿಂದ ಬರುವ ಕವಲಿನಲ್ಲಿ ಕಾರ್ಖಾನೆಗಳ ಪಾಲೂ ಸೇರುತ್ತದೆ.

ಇದರಲ್ಲಿ ಅಡಗಿರುವುದು ಯಾವುದು ಹೇಳಿ? ನದಿ ಹಾಡುಹಗಲೇ ಹರಿಯುತ್ತಿದೆ. ಮೆಟ್ರೊ ಕಂಬಗಳ ಮೇಲಿಂದ ದಿನಾ ಅದನ್ನು ನೋಡುವವರೆಷ್ಟೋ ಜನ; ಕೆಂಗೇರಿ ಕಡೆಗೆ 2021ರಲ್ಲಿ ರೈಲು ಓಡಲಾರಂಭಿಸುವ ಮೊದಲು ಇಷ್ಟು ಒಳ್ಳೆಯ ನೋಟ ಯಾವ ಕಾಲಕ್ಕೂ ಸಿಕ್ಕಿರಲಿಲ್ಲ. ಕಾಣದಿರುವುದು ನಮ್ಮ ಮನೆಯ ಗೋಡೆಯೊಳಗಿನ ನಾಲ್ಕಿಂಚಿನ ಕೊಳವೆ.

ನದಿ ಉಳಿಸುವ ಮಾತು ಬಂದಾಗಲೆಲ್ಲ ಸೋಲ್‌ನ ಉದಾಹರಣೆ ಬರುತ್ತದೆ. ದಕ್ಷಿಣ ಕೊರಿಯಾದ ರಾಜಧಾನಿಯ ಚಂಗ್ಯೆಚನ್ ತೊರೆಯನ್ನು 1958ರಿಂದ ಮುಚ್ಚುತ್ತಾ ಬಂದು ಮೇಲೆ ಹೆದ್ದಾರಿ ಎಬ್ಬಿಸಿದ್ದರು. 2003ರಲ್ಲಿ ಹೆದ್ದಾರಿ ಕೆಡವಿ, 2005ರಲ್ಲಿ ಸುಮಾರು ಆರು ಕಿಲೋಮೀಟರ್ ಉದ್ದದ ತೊರೆಯನ್ನು ಜನರಿಗೆ ತೆರೆದರು. ಚಿತ್ರಗಳು ಸುಂದರವಾಗಿವೆ, ಮಕ್ಕಳು ಕಾಲು ಇಳಿಬಿಟ್ಟು ಕುಳಿತಿರುತ್ತಾರೆ. ಆ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪಿನಲ್ಲಿ ಎತ್ತಿ ಬಿಟ್ಟದ್ದು ಎಂಬ ಮಾತು ಚಿತ್ರದ ಕೆಳಗೆ ಇರುವುದಿಲ್ಲ. ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಪಂಪಿನ ನೀರಿನ ಹೊಳೆ ನಮ್ಮದೂ ಹೌದು, ಅವರು ಶುದ್ಧ ಮಾಡಿ ಬಿಟ್ಟರು, ನಾವು ಕೊಳಕು ಮಾಡಿ ಬಿಟ್ಟೆವು ಎಂದಷ್ಟೇ ಹೇಳುತ್ತಿದ್ದೇನೆ.

ಇದೇ ಆಸೆಯಿಂದ ನಮ್ಮಲ್ಲೂ ಮೆಜೆಸ್ಟಿಕ್‌ನಿಂದ ಬೆಳ್ಳಂದೂರಿನ ಕಡೆಗೆ ಹೋಗುವ ಕೆ-100 ರಾಜಕಾಲುವೆಯನ್ನು ನಾಗರಿಕರ ಜಲಮಾರ್ಗವಾಗಿ ಸಿಂಗರಿಸುವ ಕೆಲಸ ನಡೆಯಿತು. ಶಾಂತಿನಗರದ ಹತ್ತಿರ ನಡೆದಾಡಲು ಹಾದಿ, ಗಿಡ, ದೀಪ ಎಲ್ಲ ಬಂದವು. ಕಾಲುವೆಗೆ ಬೀಳುತ್ತಿದ್ದ ಕೊಳಚೆಯನ್ನು ತಿರುಗಿಸಬೇಕೆಂಬುದು ಆ ಯೋಜನೆಯ ಜೀವ. ಅದು ಪೂರ್ತಿ ಸಾಧ್ಯವಾಯಿತು ಎಂದುಕೊಳ್ಳಿ. ಆಗ ಕಾಲುವೆಯಲ್ಲಿ ಏನಿರುತ್ತದೆ? ಮಳೆ ಬಂದಾಗ ಮಳೆನೀರು, ಉಳಿದ ತಿಂಗಳು ಒಣ ಕಾಂಕ್ರೀಟು. ವೃಷಭಾವತಿಗೂ ಇದೇ ಮಾತು. ಕೊಳಚೆಯೆಲ್ಲ ನಿಂತರೆ, ಮೇಲಿನ ಕೆರೆಗಳೂ ಇಲ್ಲದ ಈ ಕಾಲದಲ್ಲಿ, ವರ್ಷದ ಹೆಚ್ಚಿನ ಭಾಗ ಅದು ಬರಿದಾಗುತ್ತದೆ. ‘ನದಿಯನ್ನು ಮರಳಿ ತನ್ನಿ’ ಎಂದು ಫಲಕ ಹಿಡಿಯುವವರು (ನಾನೂ ಹಿಡಿದಿದ್ದೇನೆ) ಕಣ್ಣ ಮುಂದೆ ತಂದುಕೊಳ್ಳುವುದು ತಿಳಿನೀರಿನ ಹೊಳೆಯನ್ನು. ಮರಳಿ ಬರುವುದು ಬೇಸಿಗೆಯ ಒಣ ಹಳ್ಳವಾದರೆ ಒಪ್ಪಿಕೊಳ್ಳುತ್ತೇವೆಯೇ? ಯಾರಾದರೂ ಅದಕ್ಕೆ ನಿವೇಶನ ಸಂಖ್ಯೆ ಕೊಟ್ಟುಬಿಟ್ಟಾರು ಎಂಬ ಭಯ ನನ್ನದು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದದ್ದೂ ಸಂಪಂಗಿ ಕೆರೆ ಕ್ರೀಡಾಂಗಣವಾದದ್ದೂ ಬತ್ತಿದ ಮೇಲೆಯೇ. ಒಣಗಿದ ನೀರಿನ ಜಾಗಕ್ಕೆ ಈ ಊರಿನಲ್ಲಿ ದೀರ್ಘಾಯುಷ್ಯವಿಲ್ಲ.

ಇನ್ನೊಂದು ಕಡೆಯಿಂದಲೂ ಇದು ಅಷ್ಟು ಸುಲಭವಲ್ಲ. ಬೈರಮಂಗಲಕ್ಕೆ ಹೋದವರಿಗೆ ಅದು ಗೊತ್ತು. ಜಲಾಶಯವನ್ನು ಕಟ್ಟಿದ್ದು ನೀರಾವರಿಗೆಂದು, 1940ರ ದಶಕದಲ್ಲಿ. ಈಗ ಅದರಲ್ಲಿ ನಿಂತಿರುವುದು ಬಹುಪಾಲು ಬೆಂಗಳೂರಿನ ಕೊಳಚೆ. ತೂಬಿನಿಂದ ಹೊರಬೀಳುವ ಕಡೆ ನೊರೆ ಏಳುತ್ತದೆ. ಗಾಳಿ ಬಂದರೆ ಹಾರಿ ಹುಲ್ಲಿನ ಮೇಲೆ ಕೂರುತ್ತದೆ. ಅಲ್ಲಿ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಸಿಕ್ಕ ರೈತರೊಬ್ಬರಿಗೆ ಈ ನೀರು ನಿಂತುಹೋದರೆ ಒಳ್ಳೆಯದಲ್ಲವೇ ಯಜಮಾನರೇ ಎಂದು ಕೇಳಿದೆ. ಅವರು ಸೊಪ್ಪು ಕೊಯ್ಯುವುದನ್ನು ನಿಲ್ಲಿಸಲಿಲ್ಲ. ‘ಬಂದರೆ ಕೈಕಾಲು ತುರಿಸುತ್ತದೆ ಸ್ವಾಮಿ, ಬರದಿದ್ದರೆ ಹುಳಕ್ಕೆ ಸೊಪ್ಪಿಲ್ಲ. ನೀವು ಊರಿನವರು ನಿಲ್ಲಿಸುವುದಕ್ಕೆ ಬರಬೇಡಿ, ತೊಳೆದು ಕಳಿಸಿ’ ಎಂದರು. ತೋಟದ ಬಾವಿಗೆ ಬಲೆ ಹೊದಿಸಿದ್ದರು. ಆ ನೀರನ್ನು ದನಕ್ಕೂ ಕೊಡುವುದಿಲ್ಲವಂತೆ. ಮನೆಗೆ ಕ್ಯಾನಿನ ನೀರು.

ತೊಳೆದು ಕಳಿಸುವುದು ಆಗದ ಕೆಲಸವೇನಲ್ಲ. ದಿಣ್ಣೆಯ ಆಚೆ ಮಗ್ಗುಲಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಏರಿಸುತ್ತಿದ್ದಾರೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಮೂರನೇ ಹಂತದ ಸಂಸ್ಕರಣೆ ಇಲ್ಲದೆ ಅಂತರ್ಜಲಕ್ಕೆ ಇಳಿಸುವುದು ಸರಿಯೇ ಎಂಬ ಜಗಳ ಅಲ್ಲಿ ಇನ್ನೂ ನಿಂತಿಲ್ಲ, ನಿಲ್ಲಲೂಬಾರದು. ಆದರೂ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ನೋಡಿದ ನನ್ನಂಥವನಿಗೆ, ಬತ್ತಿದ್ದ ಕೋಲಾರದ ಕೆರೆ ಕೋಡಿ ಬಿದ್ದು ಜನ ಬಾಗಿನ ಬಿಟ್ಟ ಚಿತ್ರ ಕಂಡಾಗ ಎರಡು ಬಗೆಯ ಮನಸ್ಸಾಗುತ್ತದೆ. ಬಾಗಿನ ಸಂದದ್ದು ಯಾವ ಗಂಗೆಗೆ? ಕಾವೇರಿ ಕೊಳ್ಳದಿಂದ ಹೊರಟು, ಕೋರಮಂಗಲದ ಬಚ್ಚಲು ದಾಟಿ, ಪಾಲಾರ್–ಪಿನಾಕಿನಿಗಳ ಸೀಮೆಗೆ ಹೋಗಿ ಕೆರೆಯಾದ ಆ ನೀರನ್ನು ಏನೆಂದು ಕರೆಯಬೇಕೋ ಪುರೋಹಿತರಿಗೇ ಬಿಡುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿಗೂ ಒಂದು ಶುದ್ಧೀಕರಣ ಘಟಕವಿದೆ, ನೆಲಮಾಳಿಗೆಯ ಮೂಲೆಯಲ್ಲಿ, ಕಾರು ನಿಲ್ಲಿಸುವ ಜಾಗದ ಹಿಂದೆ. ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಉಸಿರಾಡಲು ಗಾಳಿ ಊದುವ ಬ್ಲೋವರ್ ಹಗಲೂ ರಾತ್ರಿ ಓಡಬೇಕು. ನಿಂತರೆ ಅವು ಸಾಯುತ್ತವೆ, ನೀರು ಬಂದ ಹಾಗೆಯೇ ಹೊರಗೆ ಹೋಗುತ್ತದೆ. ಸದ್ದು ಜಾಸ್ತಿ ಎಂದು ಒಂದನೇ ಮಹಡಿಯವರು, ಬಿಲ್ಲು ಜಾಸ್ತಿ ಎಂದು ಖಜಾಂಚಿಯವರು ಹೇಳಿದ್ದರಿಂದ ರಾತ್ರಿ ಹತ್ತಕ್ಕೆ ಅದನ್ನು ನಿಲ್ಲಿಸುವ ರೂಢಿಯಾಗಿದೆ. ಹೋದ ಸಭೆಯಲ್ಲಿ ಈ ವಿಷಯ ಎತ್ತಿದೆ. ಬೈರಮಂಗಲದ ಕಥೆ ಹೇಳಿದೆ, ಸಂಗಮದ ಕಥೆ ಹೇಳಿದೆ. ಎಲ್ಲರೂ ಆಸಕ್ತಿಯಿಂದಲೇ ಕೇಳಿದರು; ಒಬ್ಬರಂತೂ ವೃಷಭಾವತಿಯ ಮೂಲ ನೋಡಲು ಒಂದು ಭಾನುವಾರ ಎಲ್ಲರೂ ಸೇರಿ ಹೋಗೋಣ ಎಂದರು. ಬ್ಲೋವರ್ ಬಿಲ್ಲಿನ ಹೆಚ್ಚುವರಿ ಹಣ ಯಾರು ಕೊಡುತ್ತಾರೆ ಎಂದು ಖಜಾಂಚಿಯವರು ಕೇಳಿದಾಗ ಮಾತು ಕಟ್ಟಡಕ್ಕೆ ಬಣ್ಣ ಹೊಡೆಸುವ ಕಡೆಗೆ ತಿರುಗಿತು. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಬಣ್ಣ ಮೊದಲನೆಯದು, ಬ್ಲೋವರ್ ‘ಇತರೆ’ಯಲ್ಲಿದೆ.